ಪಿಕಳಾರದ ಪಿತೃಋಣ

ಕಮಲಾಪುರದಿಂದ ಕಂಪ್ಲಿಯ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ಬಂಡೆಯ ಮೇಲೆ ಬಂಡೆ ಕೂತ ಗುಡ್ಡಗಳು. ಆ ಗುಡ್ಡಗಳಲ್ಲಿ ಒಂದು ಹಕ್ಕಿಯಿದೆ. ನಾನು ಕಂಡ ಮಟ್ಟಿಗೆ ಅದನ್ನು ಯಾರೂ ಕೊಲ್ಲುವುದಿಲ್ಲ. ಬೆಳೆಗೆ ಅದರಿಂದ ಕೇಡಿಲ್ಲ, ಹಾಗಾಗಿ ಕವಣೆ ಬೀಸುವವರಿಲ್ಲ. ಮಾಂಸಕ್ಕೆಂದು ಹಿಡಿದರೆ ಒಂದು ತುತ್ತಿಗೂ ಸಾಲದು. ಪಂಜರದಲ್ಲಿಟ್ಟು ತೋರಿಸಿಕೊಳ್ಳೋಣವೆಂದರೆ ತಲೆಯ ಮೇಲೆ ಜುಟ್ಟೂ ಇಲ್ಲ. ಹಾಗಿದ್ದೂ ಅದು ಜಗತ್ತಿನ ಕೆಂಪುಪಟ್ಟಿಯಲ್ಲಿದೆ. ಐಯುಸಿಎನ್‌ನವರು ಅದನ್ನು 'ಅಪಾಯಕ್ಕೆ ಈಡಾಗಬಲ್ಲ' ಜೀವಿಗಳ ಸಾಲಿಗೆ ಸೇರಿಸಿದ್ದಾರೆ.

ಯಾರೂ ಕೊಲ್ಲದೆ ಒಂದು ಜೀವಿಯ ಕುಲವೇ ಇಲ್ಲವಾಗುವುದಾದರೆ ಆ ಪಾಪ ಯಾರ ಲೆಕ್ಕಕ್ಕೆ? ಈ ಪ್ರಶ್ನೆ ನನ್ನದಲ್ಲ, ನಮ್ಮ ತಂದೆಯವರದು. ಅವರು ಸಂಡೂರಿನ ಗಣಿ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಹಗಲು ಟನ್ನುಗಳ ಲೆಕ್ಕ, ರಾತ್ರಿ ಊಟವಾದ ಮೇಲೆ ಶಾಸ್ತ್ರಗ್ರಂಥ. ಪಾಪ-ಪುಣ್ಯಗಳೂ ಅವರ ಬಾಯಲ್ಲಿ ಜಮಾ-ಖರ್ಚಿನ ಮಾತಾಗಿಯೇ ಬರುತ್ತಿದ್ದವು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ಒಮ್ಮೆ ಕೆಂಪುಪಟ್ಟಿ ಎಂದರೇನೆಂದು ಅವರಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಕರ್ತೃ ಇಲ್ಲದ ಕ್ರಿಯೆ ಎಲ್ಲ್ಯಾದರೂ ಉಂಟೇನವ್ವಾ?" ಎಂದರು. ಉತ್ತರ ಕೊಡುವುದು ನನ್ನಿಂದ ಆಗಲಿಲ್ಲ. ಅವರು ಹೋದ ಮೇಲೆ ಪ್ರಶ್ನೆ ಮಾತ್ರ ಮನೆಯಲ್ಲಿ ಉಳಿಯಿತು.

ಮೊದಲು ಹಕ್ಕಿಯ ವಿಷಯ. ಅದರ ಹೆಸರು ಹಳದಿ ಕೊರಳಿನ ಪಿಕಳಾರ. ಹೊಸಪೇಟೆಯ ನಮ್ಮ ಓಣಿಯ ತಂತಿಗಳ ಮೇಲೆ ಜುಟ್ಟು ಕುಣಿಸುವ ಕೆಂಪು ಬಾಲಬುಡದ ಪಿಕಳಾರವನ್ನು ಎಲ್ಲರೂ ಬಲ್ಲರು. ಅದರ ದಾಯಾದಿ ಇದು. ಉದ್ದ ಸುಮಾರು ಇಪ್ಪತ್ತು ಸೆಂಟಿಮೀಟರ್. ಮೈ ಬೂದು, ತಲೆ ಹಸಿರು ಬೆರೆತ ಹಳದಿ, ಕೊರಳು ಅಚ್ಚ ಹಳದಿ, ಬಾಲದ ತುದಿಯಲ್ಲೂ ಅದೇ ಬಣ್ಣದ ಒಂದು ಗೆರೆ. ಮದ್ರಾಸ್ ಸೇನೆಯಲ್ಲಿ ವೈದ್ಯನಾಗಿದ್ದ ಜರ್ಡನ್ 1840ರ ದಶಕದಲ್ಲಿ ಇದನ್ನು ವಿಜ್ಞಾನದ ಪುಸ್ತಕಕ್ಕೆ ಸೇರಿಸಿದ. ದಕ್ಷಿಣ ಭಾರತ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ದಕ್ಷಿಣದಲ್ಲೂ ಎಲ್ಲೆಂದರಲ್ಲಿ ಇರುವುದಿಲ್ಲ. ಇಳಿಜಾರಿನ ಕಲ್ಲುಬಂಡೆ ಬೇಕು, ಬಂಡೆಗಳ ಸಂದಿಯಲ್ಲಿ ಮುಳ್ಳುಪೊದೆ ಬೇಕು. ನಂದಿಬೆಟ್ಟ, ದೇವರಾಯನದುರ್ಗ, ರಾಮನಗರದ ಕಡಿದಾದ ಕಲ್ಲುಗಳು, ನಮ್ಮ ಹಂಪಿ, ದರೋಜಿ, ಸಂಡೂರಿನ ಸುತ್ತು, ಆಂಧ್ರ ಮತ್ತು ತಮಿಳುನಾಡಿನ ಕೆಲವು ಗುಡ್ಡಗಳು — ಹೀಗೆ ತುಂಡು ತುಂಡು. ಒಂದು ಗುಡ್ಡದ ಹಕ್ಕಿ ನಡುವಿನ ಬಯಲು, ಗದ್ದೆ, ಊರು ದಾಟಿ ಇನ್ನೊಂದು ಗುಡ್ಡಕ್ಕೆ ಹೋಗಿ ಸಂಸಾರ ಹೂಡುವುದು ಸುಲಭವಲ್ಲ. ಹಣ್ಣಿನ ಕಾಲದಲ್ಲಿ ಆಲ, ಬಾರೆ, ಕವಳೆ, ಜಾನಿ ಹಣ್ಣು ತಿನ್ನುತ್ತದೆ, ಜೊತೆಗೆ ಹುಳುಹುಪ್ಪಟೆ. ಬೆಂಗಳೂರಿನ ಎಸ್. ಸುಬ್ರಹ್ಮಣ್ಯ ಮತ್ತು ಗೆಳೆಯರು ದಕ್ಷಿಣದ ಗುಡ್ಡಗಳನ್ನೆಲ್ಲ ಸುತ್ತಿ 2006ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಇದರ ಸ್ಥಿತಿಗತಿ ಬರೆದರು. ಇದನ್ನು ಕಾಡುವುದು ಕಲ್ಲು ಗಣಿಗಾರಿಕೆ, ಸೌದೆಗೆ ಪೊದೆ ಕಡಿಯುವುದು, ಬೇಸಿಗೆಯ ಬೆಂಕಿ. ಈ ಪೈಕಿ ಯಾವುದೂ ಹಕ್ಕಿಯ ಮೇಲಿನ ದ್ವೇಷದಿಂದ ಆಗುವುದಲ್ಲ. ಬಂಡೆ ಸೀಳುವವನಿಗೆ ಆ ಹಕ್ಕಿ ಇದೆಯೆಂಬುದೇ ಗೊತ್ತಿರುವುದಿಲ್ಲ.

ನೋಡಬೇಕೆನ್ನುವವರು ಬೆಳಗಿನ ಹೊತ್ತು ಹೋಗಬೇಕು. ನಾಚಿಕೆಯ ಹಕ್ಕಿ, ಬಂಡೆಯ ನೆತ್ತಿಗೆ ಬಂದು ಎರಡು ಮಾತಾಡಿ ಪೊದೆಯೊಳಗೆ ಬೀಳುತ್ತದೆ. ದನಿಯನ್ನು ನಂಬಿ ಹೋದರೆ ಕೆಲವೊಮ್ಮೆ ಬಿಳಿಹುಬ್ಬಿನ ಪಿಕಳಾರ ಎದುರಾಗಿ ನಗುತ್ತದೆ. ದರೋಜಿಯ ಕರಡಿಧಾಮದಲ್ಲಿ ಸಿಗುವ ಸಂಭವ ಹೆಚ್ಚು. 1994ರಲ್ಲಿ ಬಿಳಿಕಲ್ಲು ಕಾಯ್ದಿಟ್ಟ ಅರಣ್ಯವನ್ನು ಕರಡಿಗಳಿಗೆಂದು ಮೀಸಲಿಟ್ಟರು. 2009ರಲ್ಲಿ ಬುಕ್ಕಸಾಗರದ ಕಡೆಯ ಕಾಡೂ ಸೇರಿ ಈಗ ಅದು ಸುಮಾರು 82 ಚದರ ಕಿಲೋಮೀಟರ್. ಸಂಜೆ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಬಳಿಯುತ್ತಾರೆ, ಕರಡಿಗಳು ಇಳಿದು ಬಂದು ನೆಕ್ಕುತ್ತವೆ, ಜನ ಗೋಪುರದಿಂದ ನೋಡಿ ಫೋಟೋ ತೆಗೆದು ಹೋಗುತ್ತಾರೆ. ಕರಡಿಯ ಹೆಸರಿನಲ್ಲಿ ಉಳಿದ ಕಲ್ಲುಗಳಲ್ಲಿ ಪಿಕಳಾರವೂ ಉಳಿದಿದೆ. ಜಾಂಬವಂತನ ಆಶ್ರಯ ಎನ್ನಬಹುದು, ಊರು ಕಿಷ್ಕಿಂಧೆಯಾದ್ದರಿಂದ.

ಅಹಿಂಸೆಯ ಬಗ್ಗೆ ನಮ್ಮ ನಾಡು ಮಾತಾಡಿದಷ್ಟು ಬೇರೆ ಯಾರೂ ಮಾತಾಡಿಲ್ಲ ಎಂಬ ಹೆಮ್ಮೆ ನಮಗಿದೆ. ಕಮಲಾಪುರದ ಹತ್ತಿರ ಗಾಣಗಿತ್ತಿ ಗುಡಿ ಎಂದು ಕರೆಯುವ ಜಿನಾಲಯವೊಂದಿದೆ. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ 1385ರಲ್ಲಿ ಕುಂಥು ಜಿನನಾಥನಿಗಾಗಿ ಕಟ್ಟಿಸಿದ್ದು. ಎದುರಿನ ದೀಪಸ್ತಂಭದ ಶಾಸನ ಹಾಗೆ ಹೇಳುತ್ತದೆ. ಜೈನರು ಜೀವಿಗಳನ್ನು ಇಂದ್ರಿಯಗಳಿಂದ ಎಣಿಸುತ್ತಾರೆ: ಹುಳುವಿಗೆ ಎರಡು, ಇರುವೆಗೆ ಮೂರು, ಜೇನಿಗೆ ನಾಲ್ಕು, ಹಕ್ಕಿಗೆ ಮನುಷ್ಯನಂತೆಯೇ ಐದು. ಹಿಂಸೆಯ ವಿಷಯದಲ್ಲೂ ಅವರಷ್ಟು ಸೂಕ್ಷ್ಮವಾಗಿ ಯೋಚಿಸಿದವರಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹಿಂಸೆಯ ಬೇರನ್ನು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ ಗುರುತಿಸುತ್ತದೆ. ಕೊಲ್ಲುವ ಮನಸ್ಸೇ ಇಲ್ಲದೆ, ನೋಡದೆ ತುಳಿದರೂ ಲೆಕ್ಕ ತಪ್ಪುವುದಿಲ್ಲ. ತಂದೆಯವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ ಅನ್ನಿಸುತ್ತದೆ. ಬಂಡೆಗೆ ಸಿಡಿಮದ್ದು ಇಟ್ಟವನು, ಪರವಾನಗಿಗೆ ಸಹಿ ಹಾಕಿದವನು, ಆ ಗ್ರಾನೈಟನ್ನು ಅಡುಗೆಮನೆಗೆ ಹಾಸಿಸಿಕೊಂಡವನು — ಎಲ್ಲರದ್ದೂ ಪ್ರಮಾದ. ಕರ್ತೃಗಳು ಹಲವರಿದ್ದರೆ ಕ್ರಿಯೆ ಕರ್ತೃವಿಲ್ಲದಂತೆ ಕಾಣುತ್ತದೆ, ಅಷ್ಟೆ.

ಆದರೂ ಅರ್ಧವೇ. ಯಾಕೆಂದರೆ ಆ ಸೂತ್ರದ ಪ್ರಕಾರ ಹಿಂಸೆಯಾಗಲು ಒಂದು ಪ್ರಾಣ ಹೋಗಬೇಕು. ಬಂಡೆ ಸೀಳಿದಾಗ ಹಕ್ಕಿ ಸಾಯುವುದಿಲ್ಲ, ಹಾರಿಹೋಗುತ್ತದೆ. ಪಕ್ಕದ ಇಳಿಜಾರಿನಲ್ಲಿ ಆಗಲೇ ಒಂದು ಜೋಡಿಯಿದ್ದರೆ ಇದಕ್ಕೆ ಜಾಗವಿಲ್ಲ. ಆ ವರ್ಷ ಗೂಡು ಕಟ್ಟುವುದಿಲ್ಲ, ಮುಂದಿನ ವರ್ಷವೂ ಇಲ್ಲ. ಆಯುಷ್ಯ ಮುಗಿದಾಗ ತನ್ನ ಪಾಡಿಗೆ ತಾನು ಸಾಯುತ್ತದೆ, ಎಲ್ಲ ಹಕ್ಕಿಗಳೂ ಸಾಯುವಂತೆ. ಇಲ್ಲಿ ಅಕಾಲಮರಣ ಯಾರದ್ದೂ ಇಲ್ಲ. ಇರುವುದು ಹುಟ್ಟದವರು ಮಾತ್ರ. ಹುಟ್ಟದ ಹಕ್ಕಿಗೆ ಇಂದ್ರಿಯ ಐದೂ ಇಲ್ಲ, ಒಂದೂ ಇಲ್ಲ. ಅದಕ್ಕೆ ನೋವಾಯಿತೆಂದು ಯಾವ ಮುನಿಯೂ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಾರ.

ನಮ್ಮ ದಯೆಯ ಸ್ವಭಾವವೂ ಹೀಗೆಯೇ; ಅದಕ್ಕೆ ಎದುರಿಗೆ ಒಂದು ಮುಖ ಬೇಕು. ಮಾಲ್ಯವಂತ ಗುಡ್ಡದ ರಘುನಾಥನ ಗುಡಿಗೆ ಹೋಗಿ ನೋಡಿ. ಒಳಗೆ ಸಾಧುಗಳ ರಾಮಾಯಣ ಪಾರಾಯಣ, ಹೊರಗೆ ಬಾಳೆಹಣ್ಣಿಗೆ ಕೈ ಚಾಚಿದ ಮಂಗಗಳು. ಹನುಮಂತನ ಊರಿನಲ್ಲಿ ಮಂಗಕ್ಕೆ ಹಣ್ಣು ಕೊಡದವರು ಯಾರು? ಕೊಟ್ಟ ಹಣ್ಣಿನಿಂದ ಮಂಗಗಳ ಸಂಸಾರ ಬೆಳೆಯುತ್ತದೆ. ಮಂಗವೋ, ಗೂಡಿನಲ್ಲಿ ಮೊಟ್ಟೆ ಕಂಡರೆ ಬಿಡುವ ಪ್ರಾಣಿಯಲ್ಲ. ಭಕ್ತರು ಪುಣ್ಯ ಕಟ್ಟಿಕೊಂಡು ಬೆಟ್ಟ ಇಳಿಯುತ್ತಾರೆ. ನನ್ನ ಜೊತೆ ಬಂದಿದ್ದ ಗೆಳತಿಯೊಬ್ಬಳಿಗೆ ಇದನ್ನು ಹೇಳಿದಾಗ ಅವಳು ಅರ್ಧ ಡಜನ್ ಹಣ್ಣಿನ ಚೀಲವನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು, "ನೀ ಬ್ಯಾರೆ ಕಡೆ ನೋಡು" ಅಂದಳು.

ಹಾಗಾದರೆ ಒಂದೊಂದು ಹಕ್ಕಿಯನ್ನು ಬಿಟ್ಟು ಅವುಗಳ ಜಾತಿಯನ್ನು ಹಿಡಿಯೋಣ. ಪಿಕಳಾರಗಳಿಗೆ ನೋವಾಗದಿರಬಹುದು, ಪಿಕಳಾರತ್ವ ಎಂಬುದಕ್ಕೆ ಏನಾಗುತ್ತದೆ? ಈ ಪ್ರಶ್ನೆ ಕೇಳಲು ಹಂಪಿಗಿಂತ ಒಳ್ಳೆಯ ಜಾಗವಿಲ್ಲ, ಯಾಕೆಂದರೆ ಇದಕ್ಕೆ ಎರಡು ವಿರುದ್ಧ ಉತ್ತರಗಳನ್ನು ಇಲ್ಲಿಯವರೇ ಬರೆದಿಟ್ಟಿದ್ದಾರೆ.

ಬುಕ್ಕರಾಯನ ಕಾಲದಲ್ಲಿ ಮಾಧವಾಚಾರ್ಯರು ಜೈಮಿನೀಯ ನ್ಯಾಯಮಾಲಾ ವಿಸ್ತರ ಎಂಬ ಗ್ರಂಥ ರಚಿಸಿದರು. ಸಂಪ್ರದಾಯ ಅವರನ್ನೇ ವಿದ್ಯಾರಣ್ಯರೆಂದು ಕರೆಯುತ್ತದೆ. ಇತಿಹಾಸಕಾರರಲ್ಲಿ ಈ ಬಗ್ಗೆ ಜಗಳವಿದೆ, ನಮಗೆ ಇಲ್ಲಿ ಅದು ಬೇಡ. ಇಡೀ ಪೂರ್ವಮೀಮಾಂಸೆಯನ್ನು ಅಧಿಕರಣಗಳಾಗಿ ಅಡಕಮಾಡಿದ ಗ್ರಂಥ ಅದು. ಅದರಲ್ಲಿ ಆಕೃತಿಯ ಚರ್ಚೆ ಬರುತ್ತದೆ. ವೇದ ಹಸು ಎಂದಾಗ ಯಾವ ಹಸು? ಕಣ್ಣೆದುರಿನದೋ, ಹಸುಗಳೆಲ್ಲದರಲ್ಲೂ ಇರುವ ಆಕೃತಿಯೋ? ಮೀಮಾಂಸಕರ ತೀರ್ಪು ಆಕೃತಿಯ ಪರ. ಅವರ ವಾದಕ್ಕೆ ಶಬರಸ್ವಾಮಿ ಕೊಟ್ಟ ಉದಾಹರಣೆಯೇ ಒಂದು ಹಕ್ಕಿ. ಗಿಡುಗದ ಆಕಾರದ ಯಜ್ಞವೇದಿಯನ್ನು ಕಟ್ಟಬೇಕೆಂದು ವಿಧಿಯಿದೆ. ಗಿಡುಗಗಳನ್ನು ಹಿಡಿದು ತಂದು ಒಟ್ಟಿ ಯಾರೂ ವೇದಿ ಕಟ್ಟಲಾರರು, ಕಟ್ಟುವುದು ಇಟ್ಟಿಗೆಯಿಂದ. ಆದ್ದರಿಂದ ಅಲ್ಲಿ ಹೇಳಿದ್ದು ಗಿಡುಗದ ಆಕೃತಿಯನ್ನೇ. ಆ ಆಕೃತಿ ನಿತ್ಯ. ಹಕ್ಕಿಗಳು ಹುಟ್ಟಲಿ, ಸಾಯಲಿ, ಅದಕ್ಕೆ ಏನೂ ಆಗುವುದಿಲ್ಲ. ನ್ಯಾಯ-ವೈಶೇಷಿಕರು ಬೇರೆ ದಾರಿಯಲ್ಲಿ ಬಂದರೂ ಸಾಮಾನ್ಯವು ನಿತ್ಯವೆಂಬ ಅದೇ ಮಾತಿಗೆ ತಲುಪಿದರು.

ಇದನ್ನು ಓದಿದಾಗ ನನಗೆ ಚಳಿ ಹತ್ತಿತು. ಈ ದರ್ಶನದಲ್ಲಿ ಒಂದು ಕುಲ ಅಳಿಯುವುದು ಸಾಧ್ಯವೇ ಇಲ್ಲ. ಕೊನೆಯ ಪಿಕಳಾರ ಸತ್ತ ದಿನವೂ ಪಿಕಳಾರತ್ವ ಕ್ಷೇಮ. ಗಿಡುಗಗಳೇ ಇಲ್ಲದ ಲೋಕದಲ್ಲಿ ಇಟ್ಟಿಗೆಯ ಗಿಡುಗವನ್ನು ಕಟ್ಟಿ ಯಜ್ಞ ಮುಗಿಸಬಹುದು, ಫಲಕ್ಕೆ ಕೊರತೆಯಾಗದು. ಮೀಮಾಂಸಕರು ಕಟುಕರೆಂದು ನಾನು ಹೇಳುತ್ತಿಲ್ಲ. ಅವರ ಕಾಲದಲ್ಲಿ ಇಂಥ ನಷ್ಟ ಯಾರ ಎಣಿಕೆಯಲ್ಲೂ ಇರಲಿಲ್ಲ. ಕಾಡು ಮುಗಿಯದಷ್ಟಿತ್ತು; ವ್ಯಕ್ತಿ ಹೋದರೂ ಜಾತಿ ಉಳಿಯುವುದನ್ನು ದಿನವೂ ಕಂಡವರಿಗೆ ಜಾತಿ ನಿತ್ಯವೆನ್ನಿಸುವುದು ಸಹಜ. ಆದರೆ ನಮ್ಮ ಕಾಲದ ಜಾಣರ ಮಾತಿನಲ್ಲೂ ಇದರ ನೆರಳು ಕಾಣುತ್ತದೆ. ಫೋಟೋ ಇದೆ, ದನಿಯ ಧ್ವನಿಮುದ್ರಣ ಇದೆ, ಮ್ಯೂಸಿಯಮ್ಮಿನಲ್ಲಿ ಚರ್ಮ ಇದೆ, ನಾಳೆ ಪ್ರಯೋಗಾಲಯದಲ್ಲಿ ಮತ್ತೆ ಮಾಡಬಹುದು ಎನ್ನುವವರು ಇಟ್ಟಿಗೆಯ ಗಿಡುಗ ಕಟ್ಟುವವರೇ.

ಇನ್ನೊಂದು ಉತ್ತರ ಹೊಳೆಯ ನಡುವೆ ಇದೆ. ನಾವು ಮಾಧ್ವರು; ಕಂಪ್ಲಿಯ ನಮ್ಮ ಮನೆಯಿಂದ ಆರಾಧನೆಗೆ ಆನೆಗೊಂದಿಯ ನವವೃಂದಾವನಕ್ಕೆ ಹೋಗುವುದು ರೂಢಿ. ನಡುಗಡ್ಡೆಯಲ್ಲಿ ಒಂಬತ್ತು ಯತಿಗಳ ವೃಂದಾವನ, ಅವುಗಳಲ್ಲಿ 1539ರಲ್ಲಿ ಹೋದ ವ್ಯಾಸರಾಯರದೂ ಒಂದು. ನೈಯಾಯಿಕರ ವಾದಗಳನ್ನು ಎತ್ತಿಕೊಂಡು ತುಂಡರಿಸಲೆಂದೇ ತರ್ಕತಾಂಡವ ಬರೆದವರು ಅವರು. ದ್ವೈತಿಗಳಿಗೆ ಭೇದವೇ ಸತ್ಯ. ಎಲ್ಲ ಹಸುಗಳಲ್ಲೂ ಒಂದೇ ಗೋತ್ವ ಹಬ್ಬಿಕೊಂಡಿದೆ ಎಂಬುದನ್ನು ಅವರು ಒಪ್ಪುವುದಿಲ್ಲ. ಈ ಹಸುವಿನದು ಈ ಹಸುವಿಗೆ, ಆ ಹಸುವಿನದು ಆ ಹಸುವಿಗೆ. ನಡುವೆ ಇರುವುದು ಹೋಲಿಕೆ. ನಾಶವಾಗುವ ವಸ್ತುವಿನ ಜೊತೆ ಅದರ ಸಾಮಾನ್ಯವೂ ಹೋಗುತ್ತದೆ. ತಂದೆಯವರು ಓದುತ್ತಿದ್ದ ಶಾಸ್ತ್ರಗ್ರಂಥಗಳಲ್ಲಿ ಅವರ ಪೆನ್ಸಿಲ್ ಗುರುತುಗಳು ಈ ವಾದದ ಭಾಗದಲ್ಲೇ ಹೆಚ್ಚು. ಅವರು ಅದನ್ನು ಹಕ್ಕಿಗೆ ಹೊಂದಿಸಲಿಲ್ಲ, ಹೊಂದಿಸಿದ್ದು ನಾನು. ವ್ಯಾಸರಾಯರ ದಾರಿಯಲ್ಲಿ ನಡೆದರೆ ಕೊನೆಯ ಪಿಕಳಾರ ಸತ್ತಾಗ ಮೇಲೆಲ್ಲೂ ಒಂದು ನಕಲು ಉಳಿಯುವುದಿಲ್ಲ. ಇದ್ದದ್ದೆಲ್ಲ ಆ ಬೂದು ಮೈಯೊಳಗೇ ಇತ್ತು.

2019ರ ಜುಲೈನಲ್ಲಿ ನಿಧಿಯ ಆಸೆಗೆ ಬಿದ್ದವರು ವ್ಯಾಸರಾಯರ ವೃಂದಾವನವನ್ನು ಒಡೆದು ಹಾಕಿದರು. ಸುದ್ದಿ ತಿಳಿದದ್ದೇ ತಡ, ಮಠಗಳವರು, ಊರವರು ನೆರೆದು, ಕಲ್ಲುಗಳನ್ನು ಜೋಡಿಸಿ, ಒಂದೆರಡು ದಿನದಲ್ಲಿ ಮತ್ತೆ ನಿಲ್ಲಿಸಿದರು. ನಮ್ಮ ಮನೆಯಲ್ಲೂ ಆ ದಿನ ಒಲೆ ಹತ್ತಿರಲಿಲ್ಲ. ಹಂಪಿಯದೂ ಇಂಥದೇ ಕಥೆ. 1986ರಲ್ಲಿ ವಿಶ್ವಪರಂಪರೆಯ ತಾಣವಾಯಿತು. ಆನೆಗೊಂದಿಯ ಸೇತುವೆಯ ಗಲಾಟೆಯಿಂದ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿ 2006ರವರೆಗೆ ಅಲ್ಲಿಯೇ ಇತ್ತು. ಆ ವರ್ಷಗಳಲ್ಲಿ ಹೊಸಪೇಟೆಯ ಆಟೋದವರ ಬಾಯಲ್ಲೂ ಯುನೆಸ್ಕೋ. ಅದೇ ಗುಡ್ಡಗಳಲ್ಲಿ ಇನ್ನೊಂದು ಪಟ್ಟಿಯ ಹಕ್ಕಿ ಕೂತಿದೆಯೆಂದು ನನ್ನ ಸ್ಟಾಫ್ ರೂಮಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಲ್ಲು ಬಿದ್ದರೆ ಎತ್ತಿ ನಿಲ್ಲಿಸುವ ವಿದ್ಯೆ ಇರುವುದರಿಂದಲೇ ಕಲ್ಲಿನ ಬಗ್ಗೆ ಅಷ್ಟು ಗಾಬರಿಯೋ ಏನೋ.

ಸಂಡೂರಿಗೆ ಬಂದರೆ ಮಾತು ಇನ್ನೂ ತೊಡಕಾಗುತ್ತದೆ. ಅಲ್ಲಿಯ ಬೆಟ್ಟ ಕುಮಾರಸ್ವಾಮಿಯದು. ಪಾರ್ವತಿಯ ಗುಡಿ ಪಕ್ಕದಲ್ಲೇ ಇದೆ, ತಾಯಿ-ಮಗ ಇಬ್ಬರೂ ಶತಮಾನಗಳಿಂದ ಅದಿರಿನ ಮೇಲೆ ಕೂತಿದ್ದಾರೆ. ಚೀನಾಕ್ಕೆ ಅದಿರು ಹೋಗುತ್ತಿದ್ದ ವರ್ಷಗಳಲ್ಲಿ ಹೊಸಪೇಟೆ ಬೈಪಾಸಿನ ಲಾರಿ ಸಾಲು, ಒಗೆದು ಹರವಿದ ಬಟ್ಟೆಯ ಮೇಲೆ ಕೆಂಪು ಧೂಳು — ಇದನ್ನೆಲ್ಲ ಈ ಭಾಗದವರಿಗೆ ಹೇಳಬೇಕಾಗಿಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಮಿತಿ ಹಾಕಿ, ಷರತ್ತು ಹಾಕಿ, ಹಂತ ಹಂತವಾಗಿ ಬಿಟ್ಟಿತು. 2024ರಲ್ಲಿ ದೇವದಾರಿ ಗಣಿಗೆ ಸುಮಾರು 400 ಹೆಕ್ಟೇರ್ ಕಾಡು ಕೊಡುವ ಮಾತೆದ್ದು, ರಾಜ್ಯದ ಅರಣ್ಯ ಇಲಾಖೆ ತಡೆಹಿಡಿದಾಗ ಮತ್ತೆ ಪತ್ರಿಕೆಗಳ ತುಂಬ ಸಂಡೂರು. ಎಲ್ಲ ವಾದಗಳಲ್ಲೂ ಮರಗಳ ಸಂಖ್ಯೆ, ಟನ್ನುಗಳ ಸಂಖ್ಯೆ, ಉದ್ಯೋಗದ ಸಂಖ್ಯೆ. ಒಂದು ಮರಕ್ಕೆ ಹತ್ತು ಸಸಿ ನೆಟ್ಟರೆ ಆಯಿತೆನ್ನುವ ಲೆಕ್ಕ. ಕುಮಾರಸ್ವಾಮಿಯ ವಾಹನ ನವಿಲು, ಅದಕ್ಕೆ ಕೇಡಿಲ್ಲ. ಹೊಲ, ತೋಟ, ಊರ ಹಿತ್ತಲು ಎಲ್ಲ ಕಡೆಯೂ ಬದುಕಿಕೊಳ್ಳುತ್ತದೆ. ಸಸಿ ನೆಟ್ಟ ಬಯಲಲ್ಲಿ ಬದುಕಲಾರದ್ದು ಕಲ್ಲಿನ ಸಂದಿಯ ಪಿಕಳಾರ. ಅದು ಯಾವ ದೇವರ ವಾಹನವೂ ಅಲ್ಲ.

ಹಕ್ಕಿಯ ಪರವಾಗಿ ವಾದಿಸಲು ನಮ್ಮ ಶಾಸ್ತ್ರಗಳಲ್ಲಿ ಏನೂ ಇಲ್ಲವೇ? ಇದೆ, ಆದರೆ ದಯೆಯ ಪುಟದಲ್ಲಿಲ್ಲ, ಋಣದ ಪುಟದಲ್ಲಿದೆ. ಮಹಾಭಾರತದ ಆದಿಪರ್ವವನ್ನು ಪೂರ್ತಿ ಓದಿದವರಿಗೆ ಮಂದಪಾಲ ಎಂಬ ಋಷಿಯ ಕಥೆ ನೆನಪಿರುತ್ತದೆ. ಘೋರ ತಪಸ್ಸು ಮಾಡಿ ಮೇಲಿನ ಲೋಕಕ್ಕೆ ಹೋದ. ಅಲ್ಲಿ ತಪಸ್ಸಿನ ಫಲ ದಕ್ಕಲಿಲ್ಲ. ಕೇಳಿದರೆ, ನಿನಗೆ ಸಂತಾನವಿಲ್ಲ, ಪಿತೃಋಣ ಬಾಕಿಯಿದೆ ಎಂದರು. ಬೇಗ ಬೇಗ ಮಕ್ಕಳಾಗುವುದು ಯಾರಿಗೆಂದು ಯೋಚಿಸಿ ಆತ ಶಾರ್ಙ್ಗಕ ಎಂಬ ಹಕ್ಕಿಯಾಗಿ ಹುಟ್ಟಿದ. ಜರಿತೆ ಎಂಬ ಹೆಣ್ಣಿನಲ್ಲಿ ನಾಲ್ಕು ಮರಿಗಳಾದವು. ಅವು ಇನ್ನೂ ರೆಕ್ಕೆ ಬಲಿಯದ ಹೊತ್ತಿನಲ್ಲಿ ಕೃಷ್ಣಾರ್ಜುನರು ಖಾಂಡವ ವನಕ್ಕೆ ಬೆಂಕಿ ಹಾಕಿಸಿದರು. ಮಂದಪಾಲ ಆ ವೇಳೆಗೆ ಇನ್ನೊಬ್ಬಳ ಜೊತೆ ಹಾರಾಡುತ್ತಿದ್ದ, ಋಷಿಯಾದರೇನು, ಗಂಡಸೇ. ಜರಿತೆ ಒಬ್ಬಳೇ ಒದ್ದಾಡಿದಳು. ಆಗ ಮರಿಗಳು ತಾಯಿಗೆ ಹೇಳಿದ ಮಾತು ನನ್ನನ್ನು ಈಗಲೂ ತಡೆದು ನಿಲ್ಲಿಸುತ್ತದೆ. ನಾವು ಸತ್ತರೆ ನಿನಗೆ ಬೇರೆ ಮಕ್ಕಳಾದಾವು. ನೀನು ಸತ್ತರೆ ನಮ್ಮ ಕುಲವೇ ಕಡಿದುಹೋಗುತ್ತದೆ, ಹಾರಿಹೋಗು — ಅವುಗಳ ಮಾತಿನ ತಾತ್ಪರ್ಯ ಅದು. ರೆಕ್ಕೆ ಬರದ ಮರಿಗಳು ಒಂದೊಂದು ಪ್ರಾಣದ ಲೆಕ್ಕ ಬಿಟ್ಟು ಕುಲದ ಲೆಕ್ಕ ಮಾಡುತ್ತಿವೆ! ಖಾಂಡವದಲ್ಲಿ ಉಳಿದವರು ಆರೇ ಮಂದಿ: ಮಯ, ಅಶ್ವಸೇನನೆಂಬ ಹಾವು, ಈ ನಾಲ್ಕು ಮರಿಗಳು.

ಅದೇ ಪರ್ವದಲ್ಲಿ ಜರತ್ಕಾರುವಿನ ಕಥೆಯೂ ಇದೆ. ಮದುವೆ ಬೇಡವೆಂದು ಅಲೆಯುತ್ತಿದ್ದವನಿಗೆ ಒಂದು ಬಿಲದಲ್ಲಿ ತಲೆಕೆಳಗಾಗಿ ಜೋತುಬಿದ್ದ ಹಿರಿಯರು ಕಂಡರು. ಅವರು ಹಿಡಿದುಕೊಂಡಿದ್ದ ಲಾವಂಚದ ಬುಡದಲ್ಲಿ ಉಳಿದಿದ್ದು ಒಂದೇ ಎಳೆ. ಅದನ್ನೂ ಒಂದು ಇಲಿ ಕಡಿಯುತ್ತಿತ್ತು. ಆ ಎಳೆ ನೀನೇ ಎಂದರು. ಅವನು ಮದುವೆಯಾದ, ಆಸ್ತೀಕ ಹುಟ್ಟಿದ. ಆ ಆಸ್ತೀಕನೇ ಜನಮೇಜಯನ ಸರ್ಪಯಾಗವನ್ನು ನಿಲ್ಲಿಸಿದವನು, ಹಾವಿನ ಕುಲವನ್ನೇ ಬೂದಿಮಾಡಲು ಹೊರಟ ಯಾಗವನ್ನು. ತನ್ನ ವಂಶ ನಿಲ್ಲುವ ಭಯದಿಂದ ಹುಟ್ಟಿದ ಮಗ ಇನ್ನೊಂದು ಕುಲ ನಿಲ್ಲುವುದನ್ನು ತಡೆದ. ಹಾವು ಮನುಷ್ಯನಿಗೆ ಉಪಕಾರಿಯೋ ಅಲ್ಲವೋ, ಚೆಂದವೋ ಅಲ್ಲವೋ ಎಂಬ ಚರ್ಚೆ ಆಸ್ತೀಕ ಮಾಡಲಿಲ್ಲ. ತಾಯಿ ನಾಗರವಳು, ಅವರು ಅವನ ಬಂಧುಗಳು. ಪರೀಕ್ಷಿತನನ್ನು ಕೊಂದ ತಕ್ಷಕನೂ ಆ ವರದಲ್ಲಿ ಉಳಿದ. ಅಪರಾಧಿಗೆ ಶಿಕ್ಷೆಯಾಗಬೇಕೇ ಎಂಬುದು ಬೇರೆ ಪ್ರಶ್ನೆ, ಕುಲ ಕಡಿಯಬಹುದೇ ಎಂಬುದು ಬೇರೆ ಪ್ರಶ್ನೆ. ಎರಡನೆಯದಕ್ಕೆ ಮಹಾಭಾರತ ಇಲ್ಲವೆನ್ನುತ್ತದೆ.

ನನಗೆ ತೋರುವುದು ಇಷ್ಟು. ಪ್ರತಿ ಹಕ್ಕಿಯೂ ಒಂದು ಎಳೆಯ ತುದಿ. ಹಿಂದೆ ಲಕ್ಷಾಂತರ ತಾಯಂದಿರಿದ್ದಾರೆ. ಅವರು ಬೆಂಕಿ, ಬರ, ಹಾವು, ಗಿಡುಗ ದಾಟಿಸಿ ಕೊಟ್ಟ ಪ್ರಾಣ ಅದು. ಸಾಲ ಕೊಟ್ಟವರಿಗೆ ಸಾಲ ಹಿಂದಿರುಗಿಸಲಾಗದು, ಮುಂದಿನವರಿಗೇ ಕೊಡಬೇಕು. ಪಿತೃಋಣದ ವಿಚಿತ್ರ ನಿಯಮವೇ ಅದು. ಪಿಕಳಾರ ಕೊಡಲು ಸಿದ್ಧವಿದೆ. ಜಾಗವಿಲ್ಲದೆ ಕೊಡಲಾಗದಿದ್ದರೆ, ಆ ಋಣ ಜಾಗ ಕಸಿದವರ ಖಾತೆಗೆ ವರ್ಗವಾಗುತ್ತದೆ. ತಂದೆಯವರು ಬರೆಯುತ್ತಿದ್ದ ಲೆಕ್ಕಪುಸ್ತಕದ ಭಾಷೆಯಲ್ಲೇ ಇದು ಅವರಿಗೆ ನಾನು ಕೊಡಬಹುದಾಗಿದ್ದ ಉತ್ತರ. ಇಲ್ಲಿ ಸತ್ತವರು ಯಾರೆಂದು ಹುಡುಕಬೇಕಾಗಿಲ್ಲ. ಸಾಲ ತೀರಿಸಲು ಬಂದವನನ್ನು ಬಾಗಿಲಲ್ಲೇ ತಡೆದವರು ಯಾರೆಂದು ಕೇಳಿದರೆ ಸಾಕು.

ಈ ಮಾತನ್ನು ಹೇಳುವ ಅಧಿಕಾರ ನನಗೆಲ್ಲಿದೆ ಎಂದು ಕಂಪ್ಲಿಯ ಬಂಧುಗಳು ಕೇಳಿಯಾರು. ನಾನು ಒಬ್ಬಳೇ ಮಗಳು, ಮದುವೆಯಾಗಲಿಲ್ಲ. "ನಿಮ್ಮಪ್ಪನ ವಂಶ ನಿನ್ನ ಹತ್ರನೇ ನಿಂತೋತಲ್ಲವ್ವಾ" ಎಂದು ಸೋದರತ್ತೆ ಸಾಯುವವರೆಗೂ ಹೇಳಿದರು. ಜರತ್ಕಾರುವಿನ ಕಥೆಯನ್ನು ನನ್ನ ಮೇಲೆ ಮೊದಲು ಪ್ರಯೋಗಿಸಿದವರೂ ಅವರೇ. ಆ ಪ್ರಯೋಗವನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನಮ್ಮ ಮನೆತನ ನಿಂತರೆ ಲೋಕದಿಂದ ಕಡಿಮೆಯಾಗುವುದು ಒಂದು ಅಡ್ಡಹೆಸರು. ನಾನು ಕಲಿಸಿದ ಮಕ್ಕಳು ಹೊಸಪೇಟೆಯ ಅಂಗಡಿಗಳಲ್ಲೂ ಆಸ್ಪತ್ರೆಗಳಲ್ಲೂ ತುಂಬಿದ್ದಾರೆ. ಮನುಷ್ಯರ ಎಳೆ ನೂರಾರು ಕೋಟಿ. ಕಂಪ್ಲಿಯಲ್ಲೇ ನೋಡಿ, 1327ರಲ್ಲಿ ಕಂಪಿಲದೇವ ದೆಹಲಿಯ ಸೇನೆಗೆ ಬಲಿಯಾದ, ಅರಸುಮನೆ ಮುಗಿಯಿತು. ಆ ಮನೆಯ ಗಂಡುಗಲಿ ಕುಮಾರರಾಮನ ಹಾಡು ಹೇಳುವವರು ಅವನ ಮೊಮ್ಮಕ್ಕಳೇನಲ್ಲ. ಮನುಷ್ಯರಲ್ಲಿ ಋಣ ತೀರಿಸಲು ಹೆತ್ತವರೇ ಆಗಬೇಕಿಲ್ಲ. ಹಕ್ಕಿಗೆ ಆ ಸವಲತ್ತಿಲ್ಲ. ಕೆಂಪು ಬಾಲಬುಡದ ಪಿಕಳಾರ ಹಳದಿ ಕೊರಳಿನದರ ಮರಿ ಸಾಕಲಾರದು, ಅದರ ಹಾಡು ಹೇಳಲಾರದು. ಆದ್ದರಿಂದ ಜರತ್ಕಾರುವಿನ ಬಿಲವನ್ನು ನನ್ನ ಮನೆಯಿಂದ ಕಿತ್ತು ಕಮಲಾಪುರದ ಗುಡ್ಡಕ್ಕೆ ಒಯ್ದದ್ದು ನನ್ನ ಅನುಕೂಲಕ್ಕೆ ಮಾಡಿದ ತರ್ಕವೆಂದು ಅತ್ತೆ ಹೇಳುತ್ತಿದ್ದರೇನೋ. ಇರಬಹುದು. ಅನುಕೂಲದ ತರ್ಕವೆಲ್ಲ ಸುಳ್ಳಾಗಬೇಕೆಂದೇನೂ ಇಲ್ಲ.

ತರ್ಪಣದ ವಿಷಯವನ್ನೂ ವಿಚಾರಿಸಿದ್ದೇನೆ. ನಾನು ಕೊಡುವಂತಿಲ್ಲ, ಕೊಡುವವರ ಬಾಯಿಂದ ಕೇಳಿದ್ದು. ಕಂಪ್ಲಿಯ ಹೊಳೆದಂಡೆಯ ಪುರೋಹಿತರು ಹೇಳಿದ ಪ್ರಕಾರ, ದೇವತೆಗಳಿಂದ ಹಿಡಿದು ಹಾವು, ಹಕ್ಕಿ, ಮರಗಳವರೆಗೆ ನೀರು ಬಿಡುವ ಕ್ರಮ ಅಲ್ಲಿದೆ. ಬಂಧುಗಳಿಲ್ಲದವರಿಗೂ ಒಂದು ಬೊಗಸೆ ಇದೆ. ಕೇಳಿ ಸಂತೋಷವಾಯಿತು. ಆದರೆ ಅದು ಸತ್ತವರ ಬಾಯಾರಿಕೆಗೆ. ಇನ್ನೂ ಬದುಕಿರುವ ಕುಲಕ್ಕೆ ಬೊಗಸೆ ನೀರಿನಿಂದ ಪ್ರಯೋಜನವಿಲ್ಲ.

ಅದಕ್ಕೇ ವಕೀಲರ ಬಳಿ ಹೋದೆ. ಕಮಲಾಪುರದ ಆಚೆ ಗುಡ್ಡದ ಬುಡದಲ್ಲಿ ತಂದೆಯವರು ಕೊಂಡಿದ್ದ ಎರಡು ಎಕರೆ ಬೀಳು ನನ್ನ ಹೆಸರಿನಲ್ಲಿದೆ. ಮುಕ್ಕಾಲು ಪಾಲು ಬಂಡೆ, ಉಳಿದದ್ದು ಬಾರೆ, ಕಾರೆ, ಕವಳೆ. ಹಣ್ಣಿನ ಕಾಲದಲ್ಲಿ ಹಳದಿ ಕೊರಳುಗಳು ಮೇಲಿನಿಂದ ಇಳಿದು ಬರುತ್ತವೆ. ಕಲ್ಲಿಗಾಗಿ ಕೇಳಿದವರಿದ್ದಾರೆ, ರೆಸಾರ್ಟಿಗಾಗಿ ಕೇಳಿದವರಿದ್ದಾರೆ. ನನ್ನ ನಂತರ ಅದು ಹಾಗೆಯೇ ಇರಬೇಕು, ಆ ಹಕ್ಕಿಗಳ ಹೆಸರಿಗೆ ಉಯಿಲು ಬರೆಯಿರಿ ಎಂದೆ. ವಕೀಲರು ಹಳೆಯ ಶಿಷ್ಯ, ಆದ್ದರಿಂದ ನಗಲಿಲ್ಲ. ಹಕ್ಕಿಯ ಹೆಸರಿಗೆ ಪಹಣಿ ಆಗುವುದಿಲ್ಲ ಮೇಡಂ ಎಂದರು. ವಿರೂಪಾಕ್ಷನ ಹೆಸರಿಗೆ ಆಗುತ್ತದಲ್ಲ ಎಂದೆ. ಆಗುತ್ತದೆ, ಕಾನೂನಿನಲ್ಲಿ ದೇವರು ವ್ಯಕ್ತಿ. ಉತ್ತರಾಖಂಡದ ಹೈಕೋರ್ಟ್ 2018ರಲ್ಲಿ ಪ್ರಾಣಿಪಕ್ಷಿಗಳನ್ನೂ ಕಾನೂನಿನ ವ್ಯಕ್ತಿಗಳೆಂದು ಘೋಷಿಸಿತ್ತಲ್ಲ ಎಂದು ಕೇಳಿದೆ. ಅದು ಅಲ್ಲಿಯ ತೀರ್ಪು, ನಮ್ಮ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲಿ ಅಂಥ ಕಾಲಂ ಇಲ್ಲ ಎಂದರು. ಒಂದು ದಾರಿ ಸೂಚಿಸಿದರು: ಯಾವುದಾದರೂ ಗುಡಿಗೆ, ಷರತ್ತಿನ ಮೇಲೆ. ದೇವರ ಹೆಸರಿಗೆ ಬರೆದರೆ ಕಮಿಟಿಯವರು ಕಲ್ಯಾಣಮಂಟಪ ಕಟ್ಟುತ್ತಾರೆ, ಷರತ್ತನ್ನು ಕಲ್ಲಿನಲ್ಲಿ ಕೆತ್ತಿಸಿ ಅದರ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಹಂಪಿಯವಳಿಗೆ ಇದು ಹೊಸದಲ್ಲ.

ಕೊನೆಗೆ ಒಂದು ಟ್ರಸ್ಟ್ ಮಾಡುವುದೆಂದಾಯಿತು. ಉದ್ದೇಶ ಎಂಬ ಜಾಗದಲ್ಲಿ ಏನು ಬರೆಯಲಿ ಎಂದರು. ಈ ಜಮೀನಿನಲ್ಲಿ ಏನೂ ಮಾಡಕೂಡದು ಎಂದು ಬರೆಯಿರಿ ಅಂದೆ. ಏನೂ ಮಾಡದಿರುವುದಕ್ಕೆ ಟ್ರಸ್ಟ್ ನೋಂದಣಿ ಮಾಡಿಕೊಳ್ಳುವುದಿಲ್ಲವಂತೆ, ಕನಿಷ್ಠ ಒಂದು ಚಟುವಟಿಕೆಯಾದರೂ ಕಾಣಿಸಬೇಕಂತೆ. ವರ್ಷಕ್ಕೊಮ್ಮೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಹಕ್ಕಿ ಎಣಿಸುವುದು ಎಂದು ಸೇರಿಸಿದ್ದೇವೆ. ಟ್ರಸ್ಟಿಗಳು ಮೂವರಿರಲಿ ಎಂದುಕೊಂಡಿದ್ದೇವೆ; ಇಬ್ಬರು ಸಿಕ್ಕಿದ್ದಾರೆ, ಅವರಲ್ಲಿ ಒಬ್ಬಳು ಬಾಳೆಹಣ್ಣಿನ ಗೆಳತಿ. ಮೂರನೆಯವರನ್ನು ಹುಡುಕುತ್ತಿದ್ದೇನೆ.